ಅಕ್ಕಾ, ಮೋಟರ್!

ನಮ್ಮ ಬೀದಿಯಲ್ಲಿ ನೀರು ಹರಿದರೆ ಯಾರೂ ಆಕಾಶ ನೋಡುವುದಿಲ್ಲ, ನಮ್ಮ ಮನೆಯ ಟ್ಯಾಂಕ್ ನೋಡುತ್ತಾರೆ. ಇಂಥ ಮರೆವಿನ ಫಜೀತಿಗಳು ಬೇರೆಯವರಿಗೆ ಅಪರೂಪಕ್ಕೊಮ್ಮೆ ಆಗುತ್ತವಂತೆ. ನನಗೆ ಬೆಳಗಿನ ಕಾಫಿಯೊಳಗೆ ಒಂದು ಆಗಿರುತ್ತದೆ, ಆ ಕಾಫಿಯನ್ನು ಎಲ್ಲಿಟ್ಟೆ ಎಂದು ಹುಡುಕುವಾಗ ಇನ್ನೊಂದು ಆಗುತ್ತದೆ.

ವರ್ತೂರಿನಲ್ಲಿ ನಮ್ಮದು ಹಳೇ ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಕಟ್ಟಡ ನಿಂತಿದೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಅವರಲ್ಲಿ ಹೆಚ್ಚಿನವರು ವೈಟ್‌ಫೀಲ್ಡ್ ಕಡೆ ಕಂಪ್ಯೂಟರ್ ಕೆಲಸಕ್ಕೆ ಹೋಗುವವರು. ಕಟ್ಟಡದ ಉಸ್ತುವಾರಿ ನನ್ನದು. ಯಾವ ಮನೆಯ ನಲ್ಲಿ ಸೋರುತ್ತದೆ, ಯಾರ ಮನೆಯ ಮಗುವಿಗೆ ಹಲ್ಲು ಬರುತ್ತಿದೆ, ಯಾರ ಅಮ್ಮ ಊರಿಂದ ಬಂದಿದ್ದಾರೆ, ಎಲ್ಲ ನನಗೆ ಗೊತ್ತು. ಈ ಕೆಲಸವೆಂದರೆ ನನಗೆ ಪ್ರಾಣ. ಆದರೆ ಗೊತ್ತಿರುವುದು ಬೇರೆ, ಬೇಕಾದ ಹೊತ್ತಿಗೆ ನೆನಪಾಗುವುದು ಬೇರೆ.

ಮನೆಯಲ್ಲಿರುವುದು ನಾನು, ಯಜಮಾನರು ಮತ್ತು ಅತ್ತೆ. ಅತ್ತೆ ಎಂದರೆ ಬರೀ ಅತ್ತೆಯಲ್ಲ, ನನ್ನ ಅಪ್ಪನ ಸ್ವಂತ ಅಕ್ಕ, ಸೋದರತ್ತೆ. ನಾನು ತೊಟ್ಟಿಲಲ್ಲಿದ್ದಾಗಿನಿಂದ ನನ್ನನ್ನು ಬಲ್ಲವರು. ಹಾಗಾಗಿ ಮದುವೆಯಾದ ಹೊಸದರಲ್ಲಿ ಜಾಣೆ ಸೊಸೆಯಂತೆ ನಟಿಸುವ ಅವಕಾಶವೂ ನನಗೆ ಸಿಗಲಿಲ್ಲ.

ಮೋಟರ್

ನೆಲದೊಳಗಿನ ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸುವ ಮೋಟರಿನ ಸ್ವಿಚ್ ಮೆಟ್ಟಿಲ ಕೆಳಗಿನ ಪುಟ್ಟ ರೂಮಿನಲ್ಲಿದೆ. ಹಿಂದೊಮ್ಮೆ ಯಾರೋ ವೈರು ಕತ್ತರಿಸಿಕೊಂಡು ಹೋದ ಮೇಲೆ ಆ ರೂಮಿಗೆ ಅತ್ತೆ ಬೀಗ ಹಾಕಿಸಿದ್ದಾರೆ. ಬೀಗ ತೆಗೆ, ಸ್ವಿಚ್ ಹಾಕು, ಟ್ಯಾಂಕ್ ತುಂಬಿದ ಮೇಲೆ ಆರಿಸು. ಕೆಲಸ ಅಷ್ಟೇ.

ಒಂದು ದಿನ ಆರಿಸಲೆಂದೇ ಎದ್ದು ಹೊರಟೆ. ಬಾಗಿಲಲ್ಲಿ ಮೂರನೇ ಮಹಡಿಯವರ ಪಾರ್ಸೆಲ್ ಬಿದ್ದಿತ್ತು. ಕೊಟ್ಟು ಬರೋಣ ಎಂದು ಮೇಲೆ ಹೋದೆ. ಅವರ ಅಮ್ಮ ಊರಿಂದ ಬಂದಿದ್ದರು, ಚಕ್ಕುಲಿ ಕೊಟ್ಟರು. ಚಕ್ಕುಲಿ ಚೆನ್ನಾಗಿತ್ತು, ಹದ ಕೇಳಿದೆ. ಹದ ಹೇಳುತ್ತಾ ಅವರು ಬಾಲ್ಕನಿಗೆ ಕರೆದುಕೊಂಡು ಹೋದರು. ಅಲ್ಲಿ ಕರಿಬೇವಿನ ಕುಂಡಕ್ಕೆ ಹುಳ ಬಿದ್ದಿತ್ತು. ಹುಳಕ್ಕೆ ಬೇವಿನೆಣ್ಣೆ ಒಳ್ಳೆಯದು ಎಂದು ನಾನು ವಿವರಿಸುತ್ತಿದ್ದಾಗ ಕುಂಡದ ಮೇಲೆ ಮಳೆಯಂತೆ ನೀರು ಬಿತ್ತು.

"ಅರೆ, ಮಳೆ ಬಂತಲ್ಲ!" ಎಂದು ಆ ಅಮ್ಮ ಖುಷಿಪಟ್ಟರು.

ನಾನು ಖುಷಿಪಡಲಿಲ್ಲ. ಒಂದೊಂದು ಬೇಸಿಗೆಯಲ್ಲಿ ಊರಿಗೆ ಊರೇ ಟ್ಯಾಂಕರಿಗೆ ಕಾದು ನಿಂತಿರುತ್ತದೆ. ಅಂಥ ಕಾಲದಲ್ಲಿ ನಮ್ಮ ಮನೆಯಿಂದ ಬೀದಿಗೆ ನೀರು ಹರಿದರೆ ಜನ ನೋಡುವ ನೋಟ ಇದೆಯಲ್ಲ, ಅದಕ್ಕಿಂತ ಅತ್ತೆಯ ಬೈಗುಳವೇ ವಾಸಿ.

ಆಟೊಮ್ಯಾಟಿಕ್ ಸ್ವಿಚ್ ಹಾಕಿಸಬಾರದಾ ಎಂದು ಎಲ್ಲರೂ ಕೇಳುತ್ತಾರೆ. ತರಿಸಿ ಯಾವ ಕಾಲವಾಯಿತು! ಎಲೆಕ್ಟ್ರಿಷಿಯನ್ ಬರುವವರೆಗೆ ಇರಲಿ ಎಂದು ಆ ಡಬ್ಬಿಯನ್ನು ಜೋಪಾನವಾಗಿ ಎತ್ತಿಟ್ಟೆ. ನಾನು ಜೋಪಾನವಾಗಿ ಎತ್ತಿಟ್ಟದ್ದು ಮತ್ತೆ ಸಿಕ್ಕಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿಲ್ಲ.

ಕೊನೆಗೆ ಬೀದಿಯೇ ಜವಾಬ್ದಾರಿ ತೆಗೆದುಕೊಂಡಿತು. ನಮ್ಮಲ್ಲಿಗೆ ಬರುವ ತರಕಾರಿ ಗಾಡಿಯವನು ಧ್ವನಿವರ್ಧಕ ಕಟ್ಟಿಕೊಂಡಿದ್ದಾನೆ. ಅವನು ನಮ್ಮ ಮನೆ ಹತ್ತಿರ ಬಂದಾಗ ಕೂಗುವುದು ಹೀಗೆ: "ಸೊಪ್ಪೂ... ಬೀನ್ಸೂ... ಟೊಮ್ಯಾಟೋ... ಅಕ್ಕಾ, ಮೋಟರ್!"

ಸ್ಕೂಟರ್

ಇದು ಚಿಕ್ಕದು. ಪೇಟೆಯಿಂದ ಬಂದು ಅಂಗಳ ನೋಡುತ್ತೇನೆ, ನನ್ನ ಸ್ಕೂಟರ್ ಇಲ್ಲ. "ಏನ್ರೀ, ಗಾಡಿ ಕದ್ಬಿಟ್ಟಿದಾರೆ!" ಎಂದು ಕೂಗಿಕೊಂಡೆ. ಅಕ್ಕಪಕ್ಕದವರು ಹೊರಗೆ ಬಂದರು. ಒಬ್ಬರು ಪೊಲೀಸಿಗೆ ಫೋನ್ ಮಾಡಲು ಮೊಬೈಲ್ ತೆಗೆದರು.

ನಮ್ಮ ಯಜಮಾನರು ನಿಧಾನದ ಮನುಷ್ಯ. ಮನೆಗೆ ಬೆಂಕಿ ಬಿದ್ದರೂ ಚಪ್ಪಲಿ ಹಾಕಿಕೊಂಡೇ ಹೊರಗೆ ಬರುವವರು. ಓದುತ್ತಿದ್ದ ಪೇಪರಿನಿಂದ ತಲೆ ಎತ್ತದೆ ಕೇಳಿದರು, "ಕೈಲಿರೋದು ಏನದು?"

ನೋಡಿಕೊಂಡೆ. ಬಸ್ ಟಿಕೆಟ್.

ಎರಡು ಪಾತ್ರೆ ಹಾಲು

ಮೊದಲ ಮಹಡಿಯ ಮನೆ ಖಾಲಿಯಾಗಿ ಗೇಟಿಗೆ ಟು-ಲೆಟ್ ಬೋರ್ಡ್ ಹಾಕಿದ್ದೆವು. ಹಾಸನದ ಕಡೆಯ ಒಂದು ಕುಟುಂಬ ಬಂದು ನೋಡಿತು, ಒಪ್ಪಿತು, ನಾನೂ ಮಾತು ಕೊಟ್ಟೆ. ಬೋರ್ಡ್ ಇಳಿಸೋಣ ಎಂದು ಗೇಟಿಗೆ ಹೋದೆ. ಅಲ್ಲಿ ಕಡಪದ ಕಡೆಯ ಗಂಡ ಹೆಂಡತಿ ಬೋರ್ಡ್ ಓದುತ್ತಾ ನಿಂತಿದ್ದರು. "ಖಾಲಿ ಇದೆಯಾ ಆಂಟಿ?" ಎಂದರು. ಎಷ್ಟು ಒಳ್ಳೆಯ ಮುಖದವರೆಂದರೆ, ಮೊದಲು ಬಂದವರು ನನ್ನ ತಲೆಯಿಂದ ಪೂರ್ತಿ ಇಳಿದುಹೋದರು. "ಇದೆ, ಬನ್ನಿ ಬನ್ನಿ" ಎಂದೆ. ಅವರೂ ಒಪ್ಪಿದರು. ಬೋರ್ಡ್ ಅಲ್ಲೇ ಉಳಿಯಿತು.

ಶ್ರಾವಣದ ಶುಕ್ರವಾರ ಬೆಳಿಗ್ಗೆ ಗೇಟಿನ ಮುಂದೆ ಎರಡು ಸಾಮಾನಿನ ಗಾಡಿ ನಿಂತವು. ಎರಡೂ ಕುಟುಂಬದವರು ಹಾಲಿನ ಪಾತ್ರೆ, ದೇವರ ಪಟ, ಹೂವು, ಹಣ್ಣು ಹಿಡಿದು ಮೆಟ್ಟಿಲು ಹತ್ತಿ ಒಂದೇ ಬಾಗಿಲಿನ ಮುಂದೆ ಎದುರುಬದುರಾದರು. ಹೊಸ ಮನೆ ಹೊಕ್ಕಾಗ ಮೊದಲು ಹಾಲು ಉಕ್ಕಿಸಬೇಕಲ್ಲ. ಇಬ್ಬರಿಗೂ ಅವರವರ ಜೋಯಿಸರು ಕೊಟ್ಟಿದ್ದು ಅದೇ ಮುಹೂರ್ತ.

"ನಾವು ಮೊದ್ಲು ಮಾತಾಡಿದ್ದು" ಎಂದರು ಹಾಸನದ ಅಜ್ಜಿ.

"ಮುಹೂರ್ತ ದಾಟಿ ಹೋಗ್ತಾ ಇದೆ ಆಂಟಿ" ಎಂದು ಕಡಪದ ಹೆಣ್ಣುಮಗಳು ಅಳುವ ಹಾಗಾದಳು.

ಅಷ್ಟರಲ್ಲಿ ಅತ್ತೆ ಮೆಟ್ಟಿಲು ಹತ್ತಿ ಬಂದರು. ಎಲ್ಲರನ್ನೂ ನೋಡಿದರು, ನನ್ನನ್ನು ಸ್ವಲ್ಪ ಜಾಸ್ತಿ ನೋಡಿದರು. ಒಳಗೆ ಹೋಗಿ, ಗಾಡಿಯವರು ಆಗಲೇ ತಂದಿಟ್ಟಿದ್ದ ಗ್ಯಾಸ್ ಒಲೆ ತೋರಿಸಿ, "ಎಲ್ಡು ಬರ್ನರ್ ಐತಲ್ಲ. ಇಬ್ರೂ ಉಕ್ಸಿ. ಆಮ್ಯಾಕೆ ಮಾತಾಡಣ" ಎಂದರು.

ಇಬ್ಬರೂ ಉಕ್ಕಿಸಿದರು. ಆಮೇಲೆ ಅತ್ತೆ, ಪಕ್ಕದ ಬೀದಿಯಲ್ಲಿ ನನ್ನ ಮೈದುನನ ಕಟ್ಟಡದಲ್ಲಿ ಖಾಲಿ ಇದ್ದ ಮನೆಯನ್ನು ಕಡಪದವರಿಗೆ ಕೊಡಿಸಿದರು. ಪಾಪ, ಅವರು ಮಿಕ್ಕ ಹಾಲು ಹಿಡಿದು ಅಲ್ಲಿಗೆ ಹೋಗಿ ಮತ್ತೊಮ್ಮೆ ಉಕ್ಕಿಸಿದರು.

ಎಲ್ಲ ಮುಗಿದ ಮೇಲೆ ಅತ್ತೆ ನನ್ನ ಮುಂದೆ ಕೈ ಚಾಚಿದರು. "ಬೀಗದ ಕೈ ಇತ್ಲಾಗೆ ಕೊಡು. ನಿಂಗೆ ಮನೆ ಮ್ಯಾಲೆ ಗ್ಯಾನ ಇಲ್ಲ ಕಣೆ. ಬರೀ ಉಡಾಫೆ. ಆಯುಧಪೂಜೆ ವರ್ಗೂ ನನ್ ತಾವ ಇರ್ಲಿ, ಅವತ್ತು ಚಿಕ್ಕೋಳ ಕೈಗೆ ಕೊಡ್ತೀನಿ."

ಚಿಕ್ಕವಳು ಎಂದರೆ ಮೈದುನನ ಹೆಂಡತಿ, ನನ್ನ ಓರಗಿತ್ತಿ. ಆಯುಧಪೂಜೆಯ ದಿನ ಬೀಗದ ಕೈ ಗೊಂಚಲಿಗೂ ಅರಿಶಿನ ಕುಂಕುಮ ಇಟ್ಟು, ಮನೆ ನೋಡಿಕೊಳ್ಳುವವಳ ಕೈಗೆ ಕೊಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅವತ್ತು ಯಾರ ಕೈಗೆ ಹೋಗುತ್ತದೋ ಕಟ್ಟಡ ಅವರದ್ದು. ನಾನು ಗೊಂಚಲು ಬಿಚ್ಚಿ ಕೊಟ್ಟೆ. ಅತ್ತೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಮೊದ್ಲು ಓಗಿ ಆ ಬೋರ್ಡ್ ಇಳ್ಸು" ಎಂದರು.

ಕಣ್ಣೊರೆಸಿಕೊಂಡು ಗೇಟಿಗೆ ಹೋದೆ. ಬೋರ್ಡಿನ ಮುಂದೆ ಒಬ್ಬ ಹುಡುಗ, ಒಬ್ಬಳು ಹುಡುಗಿ, ಹೊಸದಾಗಿ ಮದುವೆಯಾದವರು. "ಆಂಟಿ, ಖಾಲಿ ಇದೆಯಾ?"

ನಾನು ಬಾಯಿ ತೆಗೆಯುವ ಮೊದಲೇ ಮೇಲಿನ ಕಿಟಕಿಯಿಂದ ಅತ್ತೆಯ ಕೂಗು ಬಂತು: "ಇಲ್ಲ ಅನ್ನೇ!"

ಸೀದ ವಾಸನೆ

ಅವತ್ತು ಸಂಜೆ ತಾರಸಿಯಲ್ಲಿ ಟ್ಯಾಂಕಿನ ಹಿಂದೆ ಕೂತು ಅತ್ತೆ. ಅಂದರೆ ಅಳುತ್ತಿದ್ದೆ ಎಂದರ್ಥ. ನಮ್ಮ ಅತ್ತೆ ಕೆಳಗೇ ಇದ್ದರು. ಬೀಗದ ಕೈ ಹೋಗಿದ್ದಕ್ಕಿಂತ 'ಉಡಾಫೆ' ಎಂಬ ಮಾತು ಹೆಚ್ಚು ಚುಚ್ಚಿತ್ತು. ಉಡಾಫೆಯವರು ಮರೆತು ಆರಾಮಾಗಿರುತ್ತಾರೆ. ನಾನು ದಿನವಿಡೀ ಏನೋ ಮರೆತಿದ್ದೇನೆ, ಏನದು ಎಂದು ಎದೆ ಹಿಡಿದುಕೊಂಡೇ ಓಡಾಡುವವಳು. ಅದನ್ನು ಯಾರಿಗೆ ಹೇಳುವುದು?

ಎರಡನೇ ಮಹಡಿಯ ಹುಡುಗಿ ಬಟ್ಟೆ ತೆಗೆಯಲು ಬಂದಳು. ಒಂಟಿಯಾಗಿರುವ, ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ಹುಡುಗಿ. ಬಾಗಿಲಿಗೆ ಹೊರಗಿನಿಂದ ಕೀಲಿ ಸಿಕ್ಕಿಸಿ ಹಾಗೇ ಒಳಗೆ ಹೋಗಿ ಮಲಗುವವಳು. ಅದಕ್ಕಾಗಿ ಅವಳನ್ನು ಎಷ್ಟೋ ಸಲ ಗದರಿದ್ದೇನೆ, ನಾನು ಗದರುವುದು ನ್ಯಾಯವೇನೂ ಅಲ್ಲ.

ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು. ಮೋಟರ್, ಸ್ಕೂಟರ್, ಹಾಲು, ಜೋಪಾನವಾಗಿ ಇಟ್ಟ ಡಬ್ಬಿ. ಆಮೇಲೆ ಮೆತ್ತಗೆ ಕೇಳಿದಳು, "ಆಂಟಿ, ನೀವು ಯಾವತ್ತಾದ್ರೂ ಎಡಿಎಚ್‌ಡಿ ಅಂತ ಕೇಳಿದೀರಾ? ನನಗಿದೆ. ಹೋದ ವರ್ಷ ಗೊತ್ತಾಯ್ತು."

"ಅದು ಒಂದ್ಕಡೆ ಕೂರದಿರೋ ಮಕ್ಕಳಿಗೆ ಬರೋದಲ್ವೇನೇ?"

"ಆ ಮಕ್ಕಳು ದೊಡ್ಡೋರಾಗ್ತಾರಲ್ಲ ಆಂಟಿ!"

ಅವಳು ಬಿಡಿಸಿ ಹೇಳಿದಳು. ಬುದ್ಧಿ ಕಡಿಮೆ ಅಂತಲ್ಲ, ಮನಸ್ಸಿಲ್ಲ ಅಂತಲೂ ಅಲ್ಲ. ಯಾವುದು ಮೊದಲು, ಯಾವುದು ಆಮೇಲೆ, ಈಗ ಯಾವುದನ್ನು ಬಿಡಬೇಕು ಎಂದು ತಲೆಯೊಳಗೆ ಒಬ್ಬ ಮೇಸ್ತ್ರಿ ಹೇಳುತ್ತಿರಬೇಕು; ನಮ್ಮ ಮೇಸ್ತ್ರಿ ಆಗಾಗ ಟೀ ಕುಡಿಯಲು ಹೋಗಿಬಿಡುತ್ತಾನೆ. ತಪಾಸಣೆ ಇದೆ, ಔಷಧಿ ಇದೆ, ಉಪಾಯಗಳಿವೆ. ಮಾರತ್ತಹಳ್ಳಿ ಕಡೆ ತಾನು ತೋರಿಸುವ ಡಾಕ್ಟರ ನಂಬರನ್ನೂ ಕೊಟ್ಟಳು.

ನನ್ನ ಜೀವನವನ್ನೇ ಯಾರೋ ಪಕ್ಕದಲ್ಲಿ ಕೂತು ಓದಿ ಹೇಳಿದಂತಾಯಿತು. ಇಬ್ಬರೂ ಕೈ ಕೈ ಹಿಡಿದು ಕೂತೆವು. ಎಷ್ಟು ಹೊತ್ತೋ. ಆಮೇಲೆ ಅವಳು ಮೂಗು ಅರಳಿಸಿ, "ಆಂಟಿ, ಏನೋ ಸೀದ ವಾಸನೆ ಬರ್ತಿದೆ ಅಲ್ವಾ? ನಿಮ್ಮನೇದಾ, ನಮ್ಮನೇದಾ?" ಎಂದಳು.

ಇಬ್ಬರೂ ಓಡಿದೆವು. ಅವಳದು ಅನ್ನ, ನನ್ನದು ಹುಳಿ.

ಹೋಗಬೇಕಾದ ದಿನ

ಮರೆವಿನ ತಪಾಸಣೆಗೆ ಹೋಗಲು ಹೋಗಬೇಕಾದ ದಿನ ನೆನಪಿರಬೇಕು. ಈ ಏರ್ಪಾಡು ಮಾಡಿದವರಿಗೆ ದೇವರು ಒಳ್ಳೆಯದು ಮಾಡಲಿ.

ಮೊದಲ ಸಲ ಬೇಗ ಎದ್ದು, ಸೀರೆ ತೆಗೆಯಲೆಂದು ಬೀರು ತೆರೆದೆ. ಬೀರು ಅಸ್ತವ್ಯಸ್ತವಾಗಿತ್ತು. ಸ್ವಲ್ಪ ಜೋಡಿಸೋಣ ಎಂದು ಕೂತೆ. ಸಂಜೆ ಹೊತ್ತಿಗೆ ಬೀರು ಬಹಳ ಚೆನ್ನಾಗಿ ಆಗಿತ್ತು.

ಎರಡನೇ ಸಲ ಬೀರಿನ ಕಡೆ ತಿರುಗಿಯೂ ನೋಡದೆ, ಹಿಂದಿನ ದಿನವೇ ತೆಗೆದಿಟ್ಟ ಸೀರೆ ಉಟ್ಟು, ಹೇಳಿದ ಹೊತ್ತಿಗಿಂತ ಮೊದಲೇ ಕ್ಲಿನಿಕ್ಕಿನಲ್ಲಿ ಕೂತೆ. ಹೆಮ್ಮೆಯಿಂದ ಕೂತಿದ್ದೆ. ರಿಸೆಪ್ಷನ್ನಿನ ಹುಡುಗಿ ಕಂಪ್ಯೂಟರ್ ನೋಡಿ, "ಮೇಡಂ, ನಿಮ್ಮದು ನಾಳೆ" ಎಂದಳು. ನಗುತ್ತಾ ವಾಪಸ್ ಬಂದೆ. ಮರುದಿನ ನಿಶ್ಚಿಂತೆಯಿಂದ ರಾಗಿ ಹಸನು ಮಾಡುತ್ತಾ ಕೂತಿದ್ದಾಗ ಫೋನ್ ಬಂತು.

"ಮೇಡಂ, ಎಲ್ಲಿದ್ದೀರಿ?"

"ನಾನು ನಿನ್ನೆ ಬಂದಿದ್ದೆನಲ್ಲಮ್ಮ!"

ಅವಳು ಮತ್ತೆ ಕಂಪ್ಯೂಟರ್ ತಡಕಿದ ಸದ್ದು ಕೇಳಿಸಿತು. ಆಮೇಲೆ, "ದಸರಾಗೆ ಮುಂಚೆ ಒಂದೇ ಒಂದು ದಿನ ಖಾಲಿ ಇದೆ ಮೇಡಂ. ಅದೂ ತಪ್ಪಿದ್ರೆ ಹಬ್ಬ ಆದ್ಮೇಲೇ. ಚಿಕ್ಕ ವಯಸ್ಸಿಂದ ನಿಮ್ಮನ್ನ ನೋಡಿರೋರು ಯಾರಾದ್ರೂ ಜೊತೇಲಿ ಬರಬೇಕು. ಡಾಕ್ಟರು ಕೇಳ್ತಾರೆ" ಎಂದಳು.

ಹಬ್ಬವಾದ ಮೇಲೆ ಏನು ಪ್ರಯೋಜನ? ಆ ಹೊತ್ತಿಗೆ ಗೊಂಚಲು ಓರಗಿತ್ತಿಯ ಸೊಂಟದಲ್ಲಿರುತ್ತದೆ. ಯಜಮಾನರಿಗೆ ಎಲ್ಲ ಹೇಳಿದೆ. "ಆಗ್ಲಿ, ಹೋಗಿ ಬರೋಣ" ಎಂದರು. ಚಿಕ್ಕ ವಯಸ್ಸಿನಿಂದ ನೋಡಿದವರು ಎಂದರೆ ನನ್ನ ಅಪ್ಪ ಅಮ್ಮ ಇಬ್ಬರೂ ಈಗಿಲ್ಲ, ಇರುವುದು ಅತ್ತೆ ಒಬ್ಬರೇ. ಅವರ ಮುಂದೆ ಹೋಗಿ ನಿಂತೆ.

"ನಮ್ ಮನೆತನದಾಗೆ ತಲೆ ಡಾಕ್ಟ್ರ ತಾವ ಓದೋರು ಯಾರೂ ಇಲ್ಲ" ಎಂದರು. ಆಮೇಲೆ ಯೋಚಿಸಿ, "ಬತ್ತೀನಿ. ನಿಂಗೇನೂ ಇಲ್ಲ ಅಂತ ನಾನೇ ಏಳ್ತೀನಿ. ಡಾಕ್ಟ್ರೂ ಅದ್ನೇ ಅಂದ್ರೆ ಬೀಗದ ಕೈ ವಿಸ್ಯ ಮತ್ತೆ ಎತ್ಕೂಡದು" ಎಂದರು.

ನನಗೂ ಇದ್ದ ಹೆದರಿಕೆ ಅದೇ. ಕಾಯಿಲೆ ಇದೆ ಎನ್ನುತ್ತಾರೇನೋ ಎಂದು ಜನ ಹೆದರುತ್ತಾರೆ. ನಾನು ಇಲ್ಲ ಎಂದುಬಿಟ್ಟರೆ ಎಂದು ಹೆದರಿದ್ದೆ. ಇಲ್ಲ ಎಂದರೆ ನಾನು ನಿಜಕ್ಕೂ ಉಡಾಫೆಯವಳೇ ಎಂದಾಯಿತಲ್ಲ.

ಮೂರನೇ ಸಲ ನಾನು ನನ್ನನ್ನು ನಂಬಲಿಲ್ಲ, ಕಟ್ಟಡವನ್ನು ನಂಬಿದೆ. ಎರಡನೇ ಮಹಡಿಯ ಹುಡುಗಿ ಎಲ್ಲ ಬಾಡಿಗೆಯವರಿಗೂ ಹೇಳಿದಳು. ಅವತ್ತು ಬೆಳಿಗ್ಗೆ ಹಾಸನದ ಅಜ್ಜಿ ಬಂದು ಬಾಗಿಲು ತಟ್ಟಿದರು, ಮೂರನೇ ಮಹಡಿಯವರು ಫೋನ್ ಮಾಡಿದರು. ಹೊರಗಿನವರಿಗೆ ಗೊತ್ತಾಗದಂತೆ ಹೋಗಿ ಬರೋಣ ಎಂದು ಸದ್ದಿಲ್ಲದೆ ಗೇಟು ತೆಗೆಯುತ್ತಿದ್ದೆ. ಬೀದಿಯ ಆ ತುದಿಯಿಂದ ಧ್ವನಿವರ್ಧಕ ಮೊಳಗಿತು: "ಸೊಪ್ಪೂ... ಬೀನ್ಸೂ... ಅಕ್ಕಾ, ಮೈಂಡ್ ಡಾಕ್ಟರ್!"

ಸೆರಗು

ಬೆಳಿಗ್ಗೆ ಒಬ್ಬರು ಕೂರಿಸಿಕೊಂಡು ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳಿದರು, ಏನೇನೋ ಪರೀಕ್ಷೆ ಮಾಡಿಸಿದರು. ಮಧ್ಯಾಹ್ನ ಡಾಕ್ಟರು ನಮ್ಮ ಮೂವರನ್ನೂ ಒಳಗೆ ಕರೆದರು. ನನ್ನ ವಯಸ್ಸಿನ ಹೆಂಗಸು, ನಿಧಾನವಾಗಿ ಮಾತಾಡುವವರು. ಅತ್ತೆ ಸಾಕ್ಷಿ ಹೇಳಲು ಬಂದವರಂತೆ ಮುಂದಿನ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಅಮ್ಮ, ಇವರು ಚಿಕ್ಕವರಿದ್ದಾಗ ಹೇಗಿದ್ರು?"

"ಚೆಂದಾಗಿದ್ಲು. ಏನೂ ತೊಂದ್ರೆ ಇಲ್ಲ. ದಿನಾ ಇಸ್ಕೂಲಿಗೆ ಓಗೋಳು."

"ಪುಸ್ತಕ, ಪೆನ್ಸಿಲ್ ಎಲ್ಲ ಸರಿಯಾಗಿ ಇಟ್ಕೊಳ್ತಿದ್ರಾ?"

"ಬ್ಯಾಗು ಮನೇಲೇ ಇರೋದು. ಇವ್ಳು ಓಗೋಳು. ಎಲ್ಲಾ ಮಕ್ಳೂ ಅಂಗೇ ಅಲ್ವಾ?"

ಡಾಕ್ಟರು ಬರೆದುಕೊಂಡರು. "ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಮರೆವು, ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರೋದು ಇದೆಯಾ? ಇದು ಸಾಮಾನ್ಯವಾಗಿ ರಕ್ತಸಂಬಂಧದಲ್ಲಿ ಬರುತ್ತೆ."

"ನಮ್ ಮನೆತನದಾಗೆ ಯಾರ್ಗೂ ಇಲ್ಲ" ಎಂದು ಅತ್ತೆ ಮೇಜು ತಟ್ಟಿದರು. "ಇವ್ರಪ್ಪ, ನನ್ ತಮ್ಮ, ಎಂಥ ಬುದ್ವಂತ! ಒಂದ್ಸತಿ ಎತ್ತು ತರ್ತೀನಿ ಅಂತ ಓದೋನು ರೇಡಿಯೋ ತಂದ. ಅದು ಬುಟ್ರೆ ಇನ್ನೇನಿಲ್ಲ. ಇನ್ನೊಂದ್ಸತಿ ಇವ್ಳುನ್ನ ಜಾತ್ರೆಗೆ ಕರ್ಕೊಂಡ್ ಓಗಿ ಅಲ್ಲೇ ಬುಟ್ಟು ಬಂದಿದ್ದ. ಮನ್ಗೆ ಬಂದ್ಮೇಲೆ ಗ್ಯಾಪ್ಕ ಬಂತು, ಓಡೋಗಿ ಕರ್ಕೊಂಡ್ ಬಂದ. ಬಾಳಾ ಪ್ರೀತಿ ಮಗಳ್ ಮ್ಯಾಲೆ."

"ನೀವು ಹೇಗಮ್ಮ? ನಿಮಗೆ ಎಲ್ಲ ನೆನಪಿರುತ್ತಾ?"

"ಓ, ಎಲ್ಲಾ ಇರ್ತದೆ. ಸೆರಗೈತಲ್ಲ!"

ಡಾಕ್ಟರಿಗೆ ಅರ್ಥವಾಗಲಿಲ್ಲ. ಅತ್ತೆ ಸೆರಗಿನ ತುದಿಯನ್ನು ಮೇಜಿನ ಮೇಲೆ ಹರಡಿದರು. ಉದ್ದಕ್ಕೂ ಸಣ್ಣ ಸಣ್ಣ ಗಂಟುಗಳು. ಸೆರಗಿಗೆ ಗಂಟು ಹಾಕಿಕೊಳ್ಳುವುದು ಹಳೇ ಹೆಂಗಸರ ಅಭ್ಯಾಸ, ನಾನು ಎಂದೂ ಅದರತ್ತ ಗಮನ ಕೊಟ್ಟಿರಲಿಲ್ಲ. ಅತ್ತೆ ಒಂದೊಂದನ್ನೇ ಹಿಡಿದು ಹೇಳಿದರು: "ಇದು ಬಿಪಿ ಮಾತ್ರೆಗೆ. ಇದು ದೀಪದ ಎಣ್ಣೆ ತರಾಕೆ. ಇದು ಹಾಸ್ನದ ಅಜ್ಜಿಗೆ ಈಳ್ಯದೆಲೆ ಕೊಡಾಕೆ. ಇದು..."

ನಿಲ್ಲಿಸಿದರು. ತುದಿಯಲ್ಲಿ ಒಂದು ದೊಡ್ಡ ಗಂಟಿತ್ತು, ಬಿಗಿಯಾಗಿ ಎರಡು ಸುತ್ತು ಹಾಕಿದ್ದು. ಅದನ್ನು ತಿರುಗಿಸಿದರು, ಮುರುಗಿಸಿದರು. "ಇದ್ಯಾಕ್ ಆಕ್ದೆ? ಬೆಳಿಗ್ಗೆ ಒರಡೋವಾಗ ಆಕಿದ್ದು. ಬಾಳಾ ಮುಖ್ಯ ಅಂತಾವ ಎಲ್ಡು ಸುತ್ತು ಆಕಿದ್ದು."

ಡಾಕ್ಟರು ಪೆನ್ನು ಕೆಳಗಿಟ್ಟರು. ಗಂಭೀರವಾಗಿರಲು ಬಹಳ ಪ್ರಯತ್ನಪಡುತ್ತಿದ್ದರು ಎಂದು ಕಾಣುತ್ತಿತ್ತು. ನಮ್ಮ ಯಜಮಾನರು ಒಮ್ಮೆ ತಾಯಿಯ ಕಡೆ, ಒಮ್ಮೆ ನನ್ನ ಕಡೆ ನೋಡಿ, ಯಾರೂ ಕೇಳದಿದ್ದರೂ, "ನಂಗೆ ಅಭ್ಯಾಸ ಆಗಿದೆ ಮೇಡಂ" ಎಂದರು.

ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು. ಎಡಿಎಚ್‌ಡಿ ಇದೆ ಎಂದರು. ಚಿಕ್ಕಂದಿನಿಂದಲೇ ಇತ್ತು, ಯಾರಿಗೂ ತಿಳಿಯಲಿಲ್ಲ ಎಂದರು. ಔಷಧಿಯ ಬಗ್ಗೆ, ಮತ್ತೆ ಯಾವಾಗ ಬರಬೇಕೆಂಬ ಬಗ್ಗೆ ಹೇಳಿ, ಕೊನೆಗೆ, "ನೀವು ಉಡಾಫೆಯವರಲ್ಲ. ಬೇರೆಯವರಿಗೆ ಸುಲಭವಾದದ್ದನ್ನ ಮಾಡೋಕೆ ಇಷ್ಟು ವರ್ಷ ನೀವು ಎರಡು ಪಟ್ಟು ಕಷ್ಟಪಟ್ಟಿದ್ದೀರಿ" ಎಂದರು.

ನನಗೆ ತಡೆಯಲಾಗಲಿಲ್ಲ. ಜೋರಾಗಿ ಅತ್ತುಬಿಟ್ಟೆ. ದುಃಖದ ಅಳುವಲ್ಲ ಅದು. ತಲೆಯ ಮೇಲೆ ಹೊತ್ತುಕೊಂಡೇ ಹುಟ್ಟಿದೆನೇನೋ ಎಂದುಕೊಂಡಿದ್ದ ಮೂಟೆಯನ್ನು ಯಾರೋ ಕೈ ಕೊಟ್ಟು ಇಳಿಸಿದ ಹಾಗಿತ್ತು. ಅತ್ತೆ ನನ್ನ ಮುಖವನ್ನೇ ನೋಡಿದರು. ಕಣ್ಣೊರೆಸಿಕೋ ಎಂದು ತಮ್ಮ ಸೆರಗು ಚಾಚಿದರು. ನಾನು ಮುಖಕ್ಕೆ ಒತ್ತಿಕೊಳ್ಳುವಷ್ಟರಲ್ಲಿ ಗಾಬರಿಯಿಂದ ಕಿತ್ತುಕೊಂಡರು.

"ಆ ತುದೀಲಿ ಬ್ಯಾಡ ಕಣೆ, ಗಂಟು ಬಿಚ್ಕೊಂಡಾತು!"

ದೊಡ್ಡ ಗಂಟು

ವಾಪಸ್ ಬರುವಾಗ ವರ್ತೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಕಾರು ನಿಂತಲ್ಲೇ ನಿಂತಿತ್ತು. ಎಂದೂ ಆ ರಸ್ತೆ ನನಗೆ ಅಷ್ಟು ಹಿತವಾಗಿ ಕಂಡಿರಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಗಂಟು ಹಿಡಿದುಕೊಂಡೇ ಕೂತಿದ್ದರು. "ಎಳ್ಳೆಣ್ಣೆಗಾ? ಅಲ್ಲ. ಚಿಕ್ಕೋಳ್ಗೆ ಫೋನಾ? ಅದೂ ಅಲ್ಲ." ಯಜಮಾನರು, "ಬಿಡಮ್ಮ, ತಾನಾಗೇ ನೆನಪಾಗುತ್ತೆ" ಎಂದರು.

ನಮ್ಮ ಬೀದಿಗೆ ತಿರುಗಿದೆವು. ತಾನಾಗೇ ನೆನಪಾಯಿತು.

ಬೀದಿಯಲ್ಲಿ ನೀರು ಹರಿಯುತ್ತಿತ್ತು. ಸುಮ್ಮನೆ ಹರಿಯುತ್ತಿರಲಿಲ್ಲ, ಎರಡೂ ಚರಂಡಿ ತುಂಬಿ ನಡುರಸ್ತೆಯಲ್ಲಿ ಹರಿಯುತ್ತಿತ್ತು. ನಮ್ಮ ತಾರಸಿಯಿಂದ ಗೋಡೆಯ ಮೇಲೆ ಜಲಪಾತ. ಗೇಟಿನ ಮುಂದೆ ಬಾಡಿಗೆಯವರು ಪ್ಯಾಂಟು ಮಡಚಿಕೊಂಡು ನಿಂತಿದ್ದರು. ತರಕಾರಿಯವನು ಗಾಡಿ ನಿಲ್ಲಿಸಿ ಧ್ವನಿವರ್ಧಕದಲ್ಲಿ ಒಂದೇ ಸಮನೆ "ಅಕ್ಕಾ ಮೋಟರ್, ಅಕ್ಕಾ ಮೋಟರ್" ಎನ್ನುತ್ತಿದ್ದ. ಅವನ ಗಂಟಲು ಕಟ್ಟಿತ್ತು.

"ಆಂಟಿ, ಆರಿಸೋಣ ಅಂದ್ರೆ ಮೋಟರ್ ರೂಮಿಗೆ ಬೀಗ! ಫೋನ್ ಮಾಡಿದ್ರೆ ನೀವ್ಯಾರೂ ಎತ್ತಲ್ಲ" ಎಂದಳು ಎರಡನೇ ಮಹಡಿಯ ಹುಡುಗಿ. ಡಾಕ್ಟರ ರೂಮಿಗೆ ಹೋಗುವಾಗ ಎಲ್ಲರೂ ಫೋನಿನ ಸದ್ದು ಅಡಗಿಸಿದ್ದೆವು, ಮತ್ತೆ ಅದರತ್ತ ನೋಡಿರಲಿಲ್ಲ.

ಬೀದಿಗೆ ಬೀದಿಯೇ ನನ್ನನ್ನು ನೋಡಿತು. ನಾನು ಜೀವಮಾನದಲ್ಲಿ ಮೊದಲ ಸಲ ತಲೆ ಎತ್ತಿ ಹೇಳಿದೆ, "ನಾನಲ್ಲ!"

ಎಲ್ಲರ ಕಣ್ಣೂ ನಿಧಾನವಾಗಿ ಕಾರಿನ ಹಿಂದಿನ ಬಾಗಿಲಿನ ಕಡೆ ತಿರುಗಿದವು. ಅತ್ತೆ ಇಳಿಯುತ್ತಿದ್ದರು. ಒಂದು ಕಾಲು ನೀರಿನಲ್ಲಿ, ಒಂದು ಕಾಲು ಕಾರಿನಲ್ಲಿ, ಕೈಯಲ್ಲಿ ಸೆರಗಿನ ತುದಿ. "ಅಯ್ಯೋ ಸಿವ್ನೇ, ಇದ್ಕೇ ಕಣೆ ಗಂಟು ಆಕಿದ್ದು! ಒರಡಾಕ್ ಮುಂಚೆ ಆರ್ಸ್ಬೇಕು ಅಂತಾವ!"

ನೀರಿನಲ್ಲಿ ಓಡಿದರು. ಸೊಂಟದ ಗೊಂಚಲು ತೆಗೆದು ಒಂದು ಕೀಲಿ ಹಾಕಿ ನೋಡಿದರು, ಇನ್ನೊಂದು ಹಾಕಿ ನೋಡಿದರು, ಯಾವುದೂ ಆಗಲಿಲ್ಲ. ನಾನು ಗೊಂಚಲು ತೆಗೆದುಕೊಂಡೆ. ಆ ಕೀಲಿಗಳು ನನಗೆ ನೋಡದೆಯೇ ಗೊತ್ತು, ಬೆರಳಿಗೆ ಗೊತ್ತು. ಮೊದಲ ಸಲಕ್ಕೇ ಬೀಗ ತೆರೆಯಿತು, ಮೋಟರ್ ನಿಂತಿತು. ಸ್ವಿಚ್ ಬೋರ್ಡಿನ ಮೇಲೆ, ಯಾರ ಕೈಗೂ ಎಟುಕದ ಹಾಗೆ, ಧೂಳು ಹಿಡಿದ ಒಂದು ಡಬ್ಬಿ ಜೋಪಾನವಾಗಿ ಕೂತಿತ್ತು. ಆಟೊಮ್ಯಾಟಿಕ್ ಸ್ವಿಚ್.

"ಆಂಟಿ, ನಾನು ಈಗ್ಲೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡ್ತೀನಿ, ಇಲ್ಲಾಂದ್ರೆ ಇಬ್ರೂ ಮರೀತೀವಿ" ಎಂದು ಆ ಹುಡುಗಿ ಅಲ್ಲೇ ನಿಂತು ಫೋನ್ ಮಾಡಿದಳು.

ನಾನು ಹೊರಗೆ ಬಂದೆ. ಅತ್ತೆ ಮೆಟ್ಟಿಲ ಮೇಲೆ ಕೂತು ಸೀರೆಯ ಅಂಚು ಹಿಂಡುತ್ತಿದ್ದರು. ಅವರ ಮುಖ ನೋಡಿ ನನಗೆ ಸಂಕಟವಾಯಿತು. ಅದು ನನ್ನದೇ ಮುಖ. ಇಷ್ಟು ವರ್ಷ ಅವರಿಗೆ ಯಾರೂ ಕಷ್ಟಪಟ್ಟಿದ್ದೀರಿ ಎಂದು ಹೇಳಿರಲಿಲ್ಲ. ಬರೀ ಗಂಟು ಹಾಕಿಕೊಂಡು ಬಂದಿದ್ದರು. ನಾನು ಗೊಂಚಲನ್ನು ಅವರ ಮುಂದೆ ಹಿಡಿದೆ.

ಅವರು ತೆಗೆದುಕೊಳ್ಳಲಿಲ್ಲ. ನನ್ನ ಕೈಯನ್ನು ಹಿಂದಕ್ಕೆ ನೂಕಿ, ಗೊಂಚಲಿನ ಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ತಾವೇ ಮಡಚಿದರು.

"ನೀನೇ ಇಟ್ಕೊಳೆ. ಪೂಜೆ ದಿನ್ವೂ ನಿನ್ ಕೈಗೇ ಕೊಡಾದು" ಎಂದರು. ಬೀದಿಯವರಿಗೆ ಕೇಳದ ಹಾಗೆ ದನಿ ತಗ್ಗಿಸಿ, "ನಾಳೆ ಮತ್ತೆ ಇಂಗೇ ಆದ್ರೆ ತೋರ್ಸಾಕೆ ನಿನ್ ತಾವ ಡಾಕ್ಟ್ರ ಚೀಟಿನಾದ್ರೂ ಐತೆ. ನನ್ ತಾವ ಏನೈತೆ?"